ಡ್ರಾಯಿಂಗ್ ಮೇಷ್ಟ್ರ ಸ್ವಂತ ಮುಖ

“ಹತ್ತೇ ಹತ್ತು ದಿನ! ಈ ಮನೇಲಿ ಚಿತ್ರಕಾರ ಅಂತ ಇರೋದು ಒಬ್ಬನೇ ಅನ್ನೋದನ್ನ ಇಡೀ ಬೀದಿಗೆ ತೋರಿಸಿಬಿಡ್ತೀನಿ!”

ಹೀಗೆಂದು ಡ್ರಾಯಿಂಗ್ ಮೇಷ್ಟ್ರು ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು ಘೋರ ಪ್ರತಿಜ್ಞೆ ಮಾಡಿದರು. ಮುಖದ ಅರ್ಧಭಾಗದಲ್ಲಿ ಸೋಪಿನ ನೊರೆಯಿತ್ತು. ಉಳಿದರ್ಧದಲ್ಲಿ ಹೊಟ್ಟೆಕಿಚ್ಚಿತ್ತು.

“ಯಾರ ಜೊತೆ ಮಾತಾಡ್ತಿದೀರಿ?” ಹೊರಗಿನಿಂದ ಹೆಂಡತಿ ಕೇಳಿದಳು.

“ಕಲೆಯ ಜೊತೆ!”

“ಬೇಗ ಮುಗಿಸ್ರೀ. ಅತ್ತೆ ಸ್ನಾನಕ್ಕೆ ಕಾಯ್ತಿದಾರೆ.”

ಈ ಪ್ರತಿಜ್ಞೆಗೆ ಕಾರಣ ತಿಳಿಯಬೇಕಾದರೆ ಮೇಷ್ಟ್ರು ಎಂಥವರೆಂದು ತಿಳಿಯಬೇಕು. ಇಪ್ಪತ್ತಾರು ವರ್ಷಗಳಿಂದ ಒಂದೇ ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದವರು ಅವರು. ಅವರ ತರಗತಿಗೆ ಒಂದೇ ಕಾನೂನು: ರಬ್ಬರ್ ತರಕೂಡದು! “ಎಳೆದ ಗೆರೆ ಎಳೆದದ್ದೇ! ಅಳಿಸುವವನು ಚಿತ್ರಕಾರನಲ್ಲ, ಹೇಡಿ!” ಎಂದು ಅವರು ಗುಡುಗಿದರೆ ಹಿಂದಿನ ಬೆಂಚಿನ ಜೇಬುಗಳಲ್ಲೂ ರಬ್ಬರುಗಳು ನಡುಗುತ್ತಿದ್ದವು. ಕಿತ್ತುಕೊಂಡ ರಬ್ಬರುಗಳೇ ಸ್ಟಾಫ್ ರೂಮಿನ ಕಪಾಟಿನಲ್ಲಿ ಮೂರು ಬಿಸ್ಕತ್ ಡಬ್ಬಿಗಳಷ್ಟು ಸೇರಿದ್ದವು. ಚೌಕದವು, ಕಾರಿನ ಆಕಾರದವು, ಹಣ್ಣಿನ ವಾಸನೆಯವು. ಈ ಕೊನೆಯ ಜಾತಿಯದನ್ನು ಮೇಷ್ಟ್ರು ಬಿಡುವಿದ್ದಾಗ ಒಮ್ಮೊಮ್ಮೆ ಮೂಸಿ ನೋಡುತ್ತಿದ್ದರೆಂಬುದು ಬೇರೆ ವಿಷಯ.

ಇನ್ನು ಅವರ ಹೆಂಡತಿ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಜನರ ತೋಳಿನಿಂದ ರಕ್ತ ತೆಗೆಯುವುದು ಆಕೆಯ ಕೆಲಸ. ಎಂಥ ದಪ್ಪ ತೋಳಿನವರಿಗೂ ಒಂದೇ ಚುಚ್ಚಿಗೆ ನರ ಹುಡುಕಿಕೊಡುತ್ತಾಳೆಂದು ಹೆಸರಾಗಿದ್ದಳು. ಲ್ಯಾಬಿನವರು ಹೊಸ ಟ್ಯಾಬುಗಳನ್ನು ತರಿಸಿಕೊಂಡಾಗ ಮೂಲೆ ಬಿರುಕುಬಿಟ್ಟ ಹಳೆಯದೊಂದನ್ನು ಪೆನ್ನಿನ ಸಮೇತ ಈಕೆಗೆ ಕೊಟ್ಟರು. ಅದರೊಳಗೆ ಚಿತ್ರ ಬರೆಯುವ ಒಂದು ಆ್ಯಪ್ ಇತ್ತು. ಒಂದು ಮಧ್ಯಾಹ್ನ ಆಕೆ ಅದನ್ನು ತೆರೆದು, ಫೋನಿನಲ್ಲಿ ತನ್ನ ಮುಖ ನೋಡಿಕೊಳ್ಳುತ್ತಾ ತನ್ನದೇ ಚಿತ್ರ ಬರೆದಳು.

“ಹೂಂ, ಪರವಾಗಿಲ್ಲ,” ಎಂದರು ಮೇಷ್ಟ್ರು, ದೊಡ್ಡ ಮನಸ್ಸು ಮಾಡಿ. “ಮೊದಲನೇ ಪ್ರಯತ್ನ. ಹತ್ತಕ್ಕೆ ಐದು ಕೊಡಬಹುದು.”

ಎರಡನೆಯ ದಿನದ ಮುಖ ಇನ್ನೂ ಚೆನ್ನಾಗಿತ್ತು. ಮೇಷ್ಟ್ರು ನಾಲ್ಕು ಕೊಟ್ಟರು. ಮೂರನೆಯದು ನೋಡಿದವರು ‘ಆಹಾ’ ಎನ್ನುವಂತಿತ್ತು. ಮೂರೂವರೆಗೆ ಇಳಿಸಿದರು. ಒಂದು ತಿಂಗಳಲ್ಲಿ ಆಕೆ ಹದಿನೆಂಟು ಮುಖ ಬರೆದಳು. ಆಕಳಿಸುವ ಮುಖ, ಒದ್ದೆ ಕೂದಲಿನ ಮುಖ, ಲಿಫ್ಟ್ ಕೆಟ್ಟು ನಾಲ್ಕು ಮಹಡಿ ಹತ್ತಿ ಬಂದ ಮುಖ. ಅಷ್ಟು ಹೊತ್ತಿಗೆ ಮೇಷ್ಟ್ರ ಅಂಕ ಸೊನ್ನೆಗೂ ಕೆಳಗಿಳಿದು ಮೌನಕ್ಕೆ ಬಂದು ನಿಂತಿತ್ತು.

ಕುಟುಂಬದ ಗ್ರೂಪಿನಲ್ಲಿ ಆಕೆಯ ಒದ್ದೆ ಕೂದಲಿನ ಮುಖಕ್ಕೆ ನಲವತ್ತೊಂದು ಹೃದಯಗಳು ಬಿದ್ದವು! ಮೇಷ್ಟ್ರು ಅಂದೇ ಸಂಜೆ ತಮ್ಮ ಜಲವರ್ಣದ ಸೇತುವೆಯನ್ನು ಅದೇ ಗ್ರೂಪಿಗೆ ಹಾಕಿದರು. ಎರಡು ಹೆಬ್ಬೆರಳು ಬಂದವು. ಒಂದು ಅವರಮ್ಮ ಕೈತಪ್ಪಿ ಒತ್ತಿದ್ದು, ಇನ್ನೊಂದು ಅವರದ್ದೇ.

“ನಿನ್ನ ಸೇತುವೆ ಚೆನ್ನಾಗಿದೆ ಕಣೋ,” ಎಂದು ಅಮ್ಮ ಸಮಾಧಾನ ಹೇಳಿದರು. “ಆದ್ರೆ ಅದು ನನ್ನ ನೋಡಿ ನಗಲ್ಲ. ಅವಳ ಮುಖ ನಗತ್ತೆ.”

ಹೆತ್ತ ತಾಯಿಯೂ ಆ ಕಡೆ ಸೇರಿದರೆ ಗಂಡಸು ಏನು ಮಾಡಬೇಕು? ಮೇಷ್ಟ್ರು ಹಲ್ಲು ಕಚ್ಚಿಕೊಂಡು ಸಹಿಸಿದರು. ಆದರೆ ಸಹನೆಯ ಕಟ್ಟೆ ಒಡೆದದ್ದು ಒಂದು ಫೋನಿನಿಂದ. ಬೀದಿಯ ಕೊನೆಯ ಗ್ರಂಥಾಲಯವನ್ನು ನೋಡಿಕೊಳ್ಳುವ ಹೆಂಗಸು ಫೋನು ಮಾಡಿದ್ದಳು. ಎತ್ತಿದವರು ಮೇಷ್ಟ್ರೇ.

“ನಮಸ್ಕಾರ ಮೇಷ್ಟ್ರೇ! ಒಂದು ಚಿತ್ರದ ವಿಚಾರ ಇತ್ತು.”

“ಹೇಳಿ, ಹೇಳಿ!” ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗೆ ಕೂತರು.

“ಮೇಡಂ ಇದಾರಾ? ಅವರಿಗೆ ಕೊಡ್ತೀರಾ?”

ಇಪ್ಪತ್ತಾರು ವರ್ಷಗಳಲ್ಲಿ ಚಿತ್ರದ ವಿಚಾರವಾಗಿ ಆ ಮನೆಗೆ ಬಂದ ಫೋನು ಒಂದೂ ಇನ್ನೊಬ್ಬರ ಕೈಗೆ ಹೋಗಿರಲಿಲ್ಲ. ಮೇಷ್ಟ್ರು ಎದ್ದು, ಅಡುಗೆಮನೆಗೆ ನಡೆದು, ಪಾತ್ರೆ ತೊಳೆಯುತ್ತಿದ್ದ ಹೆಂಡತಿಯ ಕಿವಿಗೆ ತಾವೇ ಫೋನು ಹಿಡಿದು ನಿಲ್ಲಬೇಕಾಯಿತು. ಆಕೆಯ ಕೈ ಒದ್ದೆಯಾಗಿತ್ತು ನೋಡಿ!

ವಿಷಯ ಇಷ್ಟು. ಇನ್ನು ಹತ್ತು ದಿನಕ್ಕೆ ಗ್ರಂಥಾಲಯದ ಓದುವ ಹಾಲಿನಲ್ಲಿ ‘ನಾನು ಬರೆದ ನಾನು’ ಎಂಬ ಪ್ರದರ್ಶನ. ಟ್ಯಾಬಿನಲ್ಲಿ ಬರೆದ ಸ್ವಂತ ಮುಖಗಳನ್ನು ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ತೋರಿಸುತ್ತಾರೆ. ಜಾಗ ಸಾಲದು, ಸಮಯ ಸಾಲದು, ಆದ್ದರಿಂದ ಮನೆಗೊಂದೇ ಚಿತ್ರ.

“ಮನೆಗೊಂದೇ ಅಂತೆ,” ಎಂದಳು ಹೆಂಡತಿ. “ನೀವೂ ಒಂದು ಬರೀರಿ. ಹಗಲು ಟ್ಯಾಬ್ ನಿಮಗೆ, ಸಂಜೆ ನನಗೆ. ಅತ್ತೆ ಯಾವುದನ್ನ ಒಪ್ತಾರೋ ಅದು ಹೋಗ್ಲಿ.”

“ನಾನು ಬರೆಯೋಕೆ ಶುರು ಮಾಡಿದ್ರೆ ನಿಂಗೆ ಬೇಜಾರಾಗತ್ತೆ, ನೋಡು.”

“ಆಗಲ್ಲ, ಬರೀರಿ.”

ಹಾಗೆ ಆಕೆ ನಿರಾಳವಾಗಿ ಹೇಳಿದ್ದೇ ಮೇಷ್ಟ್ರಿಗೆ ತಡೆಯಲಾಗದ್ದು. ಮಾರನೆಯ ಬೆಳಗ್ಗೆ ಬಚ್ಚಲುಮನೆಯಲ್ಲಿ ನಡೆದ ಪ್ರತಿಜ್ಞೆಯನ್ನು ನೀವಾಗಲೇ ಕೇಳಿದ್ದೀರಿ.

ಶಾಲೆಗೆ ರಜ. ಹೆಂಡತಿ ಏಳು ಗಂಟೆಗೆ ಲ್ಯಾಬಿಗೆ ಹೊರಟ ತಕ್ಷಣ ಮೇಷ್ಟ್ರು ಊಟದ ಮೇಜಿನ ಮೇಲೆ ಫ್ಲಾಸ್ಕಿಗೆ ಗಡ್ಡ ಹೆರೆದುಕೊಳ್ಳುವ ಕನ್ನಡಿಯನ್ನು ಒರಗಿಸಿ, ಅಂಗಿಯ ತೋಳು ಮಡಿಚಿ, ಟ್ಯಾಬನ್ನು ತೆರೆದರು. ಮೊದಲ ಗೆರೆ ಎಳೆದರು. ಗೆರೆಗಿಂತ ಮೊದಲು ಅಂಗೈ ತಗುಲಿ ಹಣೆಯ ಜಾಗದಲ್ಲಿ ದೊಡ್ಡದೊಂದು ಮಸಿ ಮೂಡಿತು. ಕೈ ಎತ್ತಿದರು, ಹಾಳೆ ಗಿರ್ರನೆ ತಿರುಗಿ ತಲೆಕೆಳಗಾಯಿತು. ಅದನ್ನು ನೆಟ್ಟಗೆ ಮಾಡಲು ಹೋದರೆ ಎಡಗಣ್ಣು ಉಬ್ಬಿ ಉಬ್ಬಿ ಇಡೀ ಗಾಜನ್ನು ತುಂಬಿಕೊಂಡು ಅವರನ್ನೇ ದುರುಗುಟ್ಟಿ ನೋಡಿತು.

“ಅಯ್ಯೋ ನಿನ್ನ!” ಎಂದು ಮೇಷ್ಟ್ರು ಎರಡು ಬೆರಳಿನಿಂದ ಪರದೆಯನ್ನು ತಟ್ಟಿದರು.

ಗೆರೆ ಮಾಯ!

ಮೇಷ್ಟ್ರು ಬೆಚ್ಚಿ ಅತ್ತಿತ್ತ ನೋಡಿದರು. ಯಾರೂ ಇರಲಿಲ್ಲ. ಇನ್ನೊಮ್ಮೆ ತಟ್ಟಿದರು. ಹಿಂದಿನ ಗೆರೆಯೂ ಮಾಯ! ಮತ್ತೂ ತಟ್ಟಿದರು. ಮಸಿಯೂ ಹೋಯಿತು, ಹಾಳೆ ಹಾಲಿನಂತೆ ಬೆಳ್ಳಗಾಯಿತು. ಇಪ್ಪತ್ತಾರು ವರ್ಷಗಳ ವ್ರತ ಅಲ್ಲೇ, ಫ್ಲಾಸ್ಕಿನ ಎದುರಿನಲ್ಲೇ ಮುರಿದುಬಿತ್ತು. ಆದರೆ ಮೇಷ್ಟ್ರು ತಮ್ಮ ಮನಸ್ಸಾಕ್ಷಿಯನ್ನು ಕೂರಿಸಿಕೊಂಡು ವಾದಿಸಿದರು. ‘ಇದು ರಬ್ಬರ್ ಅಲ್ಲ. ರಬ್ಬರ್ ಆಗಿದ್ದರೆ ಪುಡಿ ಬೀಳಬೇಕಿತ್ತು. ಎಲ್ಲಿದೆ ಪುಡಿ?’

ಅಲ್ಲಿಂದ ಶುರುವಾಯಿತು ತಟ್ಟುವ ಚಟ. ಗೆರೆ ಎಳೆ, ತಟ್ಟು. ಗೆರೆ ಎಳೆ, ತಟ್ಟು. ಮೂರನೆಯ ದಿನಕ್ಕೆ ಅದು ಎಷ್ಟು ಮೈಗೂಡಿತೆಂದರೆ, ಮೇಜಿನ ಮೇಲೆ ಕಾಫಿ ಚೆಲ್ಲಿದಾಗ ಮೇಷ್ಟ್ರು ಗಂಭೀರವಾಗಿ ಎರಡು ಬೆರಳಿನಿಂದ ಮೇಜನ್ನು ತಟ್ಟಿ ಕಾದರು.

“ಅದೇನೋ ತಬಲ ಬಾರಿಸ್ತಾ ಕೂತಿದೀಯ?” ಎಂದರು ಅಮ್ಮ. “ಬಟ್ಟೆ ತಗೊಂಡು ಒರೆಸೋ!”

ಆರು ದಿನ ಕಳೆದವು. ಮೇಷ್ಟ್ರ ಕಡತದಲ್ಲಿ ಇದ್ದದ್ದು ಆರು ಬಿಳಿ ಹಾಳೆಗಳು. ಬಣ್ಣದ ಬಟ್ಟಲು, ಒರಟು ಕಾಗದ, ಕುಂಚದ ಭಾರ, ಇವೆಲ್ಲ ಇದ್ದಾಗ ಅವರ ಕೈ ಸುಳ್ಳು ಹೇಳುತ್ತಿರಲಿಲ್ಲ, ನಿಜ. ಆದರೆ ಈ ನುಣ್ಣನೆಯ ಗಾಜಿನ ಮೇಲೆ ಪೆನ್ನು ಸರ್ರನೆ ಜಾರಿ ಕಿವಿ ಇರಬೇಕಾದಲ್ಲಿ ಕತ್ತು ಬರುತ್ತಿತ್ತು. ಏಳನೆಯ ದಿನ, ಸುಮ್ಮನೆ, ಬರೀ ಸುಮ್ಮನೆ, ಅವರು ಹೆಂಡತಿಯ ಹೊಸ ಚಿತ್ರವನ್ನು ತೆರೆದು ನೋಡಿದರು.

ಲ್ಯಾಬಿನಿಂದ ಆಗಷ್ಟೇ ಹೊರಬಂದ ಮುಖ. ಕೂದಲು ಹಿಂದಕ್ಕೆ ಬಿಗಿದಿದೆ. ಮಾಸ್ಕಿನ ದಾರ ಒತ್ತಿದ ಗೆರೆ ಕೆನ್ನೆಯ ಮೇಲೆ ಇನ್ನೂ ಉಳಿದಿದೆ. ಕಣ್ಣು ದಣಿದಿದೆ, ಆದರೂ ಇನ್ನೊಂದು ಗಳಿಗೆಯಲ್ಲಿ ನಗುವ ಹಾಗಿದೆ. ಮೇಷ್ಟ್ರಿಗೆ ಮೊದಲು ಬಂದದ್ದು ಮೆಚ್ಚುಗೆ. ಅದು ಬಂದಷ್ಟೇ ಬೇಗ ಎದ್ದು ಹೋಯಿತು. ಅದರ ಜಾಗದಲ್ಲಿ ಉರಿ ಬಂದು ಕೂತಿತು. ಅವಳಿಗೆ ಏನಿಲ್ಲ? ಲ್ಯಾಬಿನಲ್ಲಿ ಹೆಸರಿದೆ, ಅತ್ತೆಯ ಮುದ್ದಿದೆ, ಬೀದಿಯವರೆಲ್ಲ ಅವಳ ಮುಂದೆಯೇ ತೋಳು ಚಾಚುತ್ತಾರೆ. ತಮಗಿದ್ದದ್ದು ಇದೊಂದೇ! ‘ಇವರು ಚಿತ್ರ ಬರೀತಾರೆ’ ಎಂಬ ನಾಲ್ಕು ಜನರ ಮಾತು. ಅದನ್ನೂ ಊಟವಾದ ಮೇಲಿನ ಅರ್ಧ ಗಂಟೆಯ ಬಿಡುವಿನಲ್ಲಿ ಕಿತ್ತುಕೊಳ್ಳಬೇಕೇ?

ಚಿತ್ರದ ಮೇಲೆ ಬೆರಳು ಒತ್ತಿದಾಗ ಒಂದು ಸಣ್ಣ ಪಟ್ಟಿ ತೆರೆದುಕೊಂಡಿತು. ಅದರಲ್ಲಿ ‘ನಕಲು’ ಎಂದಿತ್ತು. ಬೆರಳು ತಗುಲಿದ್ದೇ ತಡ, ಅದೇ ಚಿತ್ರ ಇನ್ನೊಂದಾಗಿ ಪಕ್ಕದಲ್ಲಿ ಬಂದು ಕೂತಿತು.

ಕಳ್ಳತನ ಮಾಡುವ ಉದ್ದೇಶ ಮೇಷ್ಟ್ರಿಗೆ ಸುತರಾಂ ಇರಲಿಲ್ಲ. ಅವರು ಬಯಸಿದ್ದು ಹಿನ್ನೆಲೆಯ ಆ ಬೂದುಬಣ್ಣವನ್ನು ಮಾತ್ರ. ಬಣ್ಣ ಯಾರಪ್ಪನ ಆಸ್ತಿ? ಆಮೇಲೆ ಕತ್ತಿನ ನೆರಳು. ನೆರಳಿಗೆ ಒಡೆಯರುಂಟೇ? ಆಮೇಲೆ ಕಿವಿ. ಕಿವಿ ಎಂಬುದು ಯಾರದ್ದಾದರೂ ಕಿವಿಯೇ! ಮೂಗನ್ನಾದರೂ ಸ್ವಂತದ್ದು ಮಾಡಿಕೊಳ್ಳಬೇಕೆಂದು ಪಣತೊಟ್ಟು ಒಂದು ಇಡೀ ಹಗಲು ಹೋರಾಡಿದರು. ಆ ಮೂಗಿನ ವಿಷಯ ಸದ್ಯಕ್ಕೆ ಬೇಡ. ಕೂದಲನ್ನು ಹಣೆಯಿಂದ ಹಿಂದಕ್ಕೆ ದೂಡಿ, ದಟ್ಟನೆಯ ಮೀಸೆಯೊಂದನ್ನು ಇಳಿಬಿಟ್ಟದ್ದು ಅದಕ್ಕೂ ಮೊದಲೇ ಆಗಿತ್ತು; ಕೊನೆಯಲ್ಲಿ ಕಣ್ಣಿಗೆ ಕನ್ನಡಕ ಹಾಕಿ, ದೂರ ಹಿಡಿದು ನೋಡಿದರು. ಎಂಥ ಗಾಂಭೀರ್ಯ! ಎಂಥ ಕಳೆ! ಹೆಂಡತಿಯ ಕಣ್ಣಿಗೆ ಬೀಳದಿರಲೆಂದು ಅದಕ್ಕೆ ‘ಹಳೇ ಪ್ರಶ್ನೆಪತ್ರಿಕೆ’ ಎಂದು ಹೆಸರಿಟ್ಟರು. ಹೆಸರಿನ ಮೇಲೆಯೇ ಚಿತ್ರವೂ ಪುಟ್ಟದಾಗಿ ಕಾಣುತ್ತದೆಂಬುದು ಅವರ ಗಮನಕ್ಕೆ ಬರಲಿಲ್ಲ.

ಒಂಬತ್ತನೆಯ ಸಂಜೆ ತೀರ್ಪು. ಅಮ್ಮನ ಮುಂದೆ ಟ್ಯಾಬ್ ಇಟ್ಟರು. ಮೊದಲು ಸೊಸೆಯದು, ಆಮೇಲೆ ಮಗನದು. ಅಮ್ಮ ಮಗನ ಚಿತ್ರವನ್ನು ಬಹಳ ಹೊತ್ತು ನೋಡಿದರು.

“ಚೆನ್ನಾಗಿದೆ ಕಣೋ. ಆದ್ರೆ ಯಾಕೋ ಇದನ್ನ ನೋಡಿದ್ರೆ ನಂಗೆ ಇವಳ ನೆನಪಾಗತ್ತೆ.”

“ಅದು... ಬಹಳ ವರ್ಷ ಜೊತೇಲಿದ್ರೆ ಗಂಡ ಹೆಂಡತಿ ಮುಖ ಒಂದೇ ಥರ ಆಗ್ತಾ ಬರತ್ತಂತಮ್ಮ!”

“ನಿಮ್ಮಪ್ಪನ ಜೊತೆ ನಲವತ್ತು ವರ್ಷ ಇದ್ದೆ. ನಂಗೇನೂ ಹಾಗಾಗ್ಲಿಲ್ಲವಲ್ಲೋ.”

ಹೆಂಡತಿ ಬಗ್ಗಿ ನೋಡಿದಳು.

“ಕಿವಿ ಚೆನ್ನಾಗಿ ಬಂದಿದೆ,” ಎಂದಳು ಆಕೆ.

“ಅಲ್ವಾ?” ಮೇಷ್ಟ್ರು ಉಬ್ಬಿಹೋದರು. “ಕಿವಿ ಬರೆಯೋದು ಬಹಳ ಕಷ್ಟ ಕಣೇ. ನಿಧಾನವಾಗಿ ನಿಂಗೂ ಹೇಳಿಕೊಡ್ತೀನಿ.”

“ಆಗ್ಲಿ. ಅತ್ತೆ, ಇವರದ್ದೇ ಹೋಗ್ಲಿ ಬಿಡಿ.” ಆಕೆ ಟ್ಯಾಬನ್ನು ಕೈಗೆ ತೆಗೆದುಕೊಂಡಳು. “ಬರೀ ಚಿತ್ರ ಕಳಿಸಿದ್ರೆ ಸಾಲದಂತೆ ರೀ, ಫೈಲ್ ಪೂರ್ತಿ ಕಳಿಸಬೇಕಂತೆ. ಕಳಿಸ್ಲಾ?”

“ಪೂರ್ತಿ ಕಳಿಸು! ಅರ್ಧಂಬರ್ಧ ಕಳಿಸೋಕೆ ನಾನೇನು ಹೊಸಬನಾ?”

“ಯೋಚನೆ ಮಾಡಿ ಹೇಳಿ.”

“ಯೋಚನೆ ಎಂಥದ್ದು! ಕಳಿಸೇ!”

ಆಕೆ ಕಳಿಸಿದಳು.

ಮರುದಿನ ಸಂಜೆ ಗ್ರಂಥಾಲಯದ ಹಾಲಿನಲ್ಲಿ ಅರವತ್ತು ಕುರ್ಚಿಗಳೂ ತುಂಬಿ, ದಿನಪತ್ರಿಕೆಗಳ ಸ್ಟ್ಯಾಂಡಿನ ಪಕ್ಕದಲ್ಲೂ ಜನ ನಿಂತಿದ್ದರು. ಮುಂದಿನ ಸಾಲಿನಲ್ಲಿ ಮೇಷ್ಟ್ರ ಶಾಲೆಯ ಮಕ್ಕಳು. ಅವರ ನಡುವೆ ಹೆಡ್‌ಮಾಸ್ಟರು. ಮೇಷ್ಟ್ರು ಇಸ್ತ್ರಿಯ ಅಂಗಿ ತೊಟ್ಟು, ತಮ್ಮದನ್ನೇ ಎಲ್ಲರಿಗಿಂತ ಮೊದಲು ತೋರಿಸಬೇಕೆಂದು ಮೂರು ಸಲ ಕೇಳಿ, ಒಪ್ಪಿಸಿಕೊಂಡೂ ಬಿಟ್ಟಿದ್ದರು. ದೀಪ ಆರಿತು. ಪರದೆಯ ಮೇಲೆ ಹತ್ತು ಅಡಿ ಎತ್ತರದ ಮೀಸೆ ಬೆಳಗಿತು. ಚಪ್ಪಾಳೆ! ಮೇಷ್ಟ್ರು ಓರೆಗಣ್ಣಿನಿಂದ ಹೆಂಡತಿಯನ್ನು ನೋಡಿದರು. ಆಕೆಯೂ ಚಪ್ಪಾಳೆ ತಟ್ಟುತ್ತಿದ್ದಳು. ಇಂಥ ಸಂತೋಷ ಅವರಿಗೆ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ.

ಮೈಕು ಹಿಡಿದು ಎದ್ದು ನಿಂತರು. “ಮಕ್ಕಳೇ, ಮಹನೀಯರೇ! ಉಪಕರಣ ಹೊಸದಾದರೇನು, ನಿಯಮ ಹಳೆಯದೇ. ಈ ಚಿತ್ರದಲ್ಲಿ ನಾನು ಒಂದೇ ಒಂದು ಗೆರೆಯನ್ನೂ ಅಳಿಸಿಲ್ಲ! ಎಳೆದ ಗೆರೆ ಎಳೆದದ್ದೇ!”

ಇನ್ನಷ್ಟು ಚಪ್ಪಾಳೆ. ಗ್ರಂಥಾಲಯದ ಹೆಂಗಸು ನಗುನಗುತ್ತಾ ಮುಂದೆ ಬಂದಳು.

“ಬಹಳ ಸಂತೋಷ ಮೇಷ್ಟ್ರೇ! ಇದನ್ನ ಮಕ್ಕಳು ಕಣ್ಣಾರೆ ನೋಡಬೇಕು. ಈ ಆ್ಯಪಿನ ವಿಶೇಷ ಏನಂದ್ರೆ, ಚಿತ್ರ ಬರೆಯುವಾಗ ಮೊದಲ ಗೆರೆಯಿಂದ ಕೊನೇ ಗೆರೆವರೆಗೂ ಅದು ತಾನೇ ಸಿನಿಮಾ ತೆಗೆದಿಟ್ಟುಕೊಳ್ಳುತ್ತೆ. ಈಗ ಹಾಕ್ತೀನಿ, ನೋಡಿ.”

ಮೇಷ್ಟ್ರ ಎರಡು ಬೆರಳುಗಳು ತಾವಾಗಿಯೇ ಎದ್ದು ಮೈಕನ್ನು ತಟ್ಟಿದವು. ಡಬ್ ಡಬ್ ಎಂದು ಹಾಲೆಲ್ಲ ಮೊಳಗಿತು. ಮಾಯವಾದದ್ದು ಏನೂ ಇಲ್ಲ.

ಬಿಳಿಯ ಪರದೆ. ಗೆರೆಗಳು ಬರತೊಡಗಿದವು. ಒಂದು, ಎರಡು, ಹತ್ತು. ಒಂದೂ ಅಲುಗಲಿಲ್ಲ, ಒಂದೂ ಅಳಿಯಲಿಲ್ಲ. ಹುಬ್ಬು ಬಂತು, ಕೆನ್ನೆ ಬಂತು, ಬಿಗಿದ ಕೂದಲು ಬಂತು, ದಾರದ ಗುರುತು ಬಂತು. ನೂರೈವತ್ತು ಗೆರೆ ತುಂಬುವಷ್ಟರಲ್ಲಿ ದಣಿದ ಹೆಂಗಸೊಬ್ಬಳು ಪರದೆಯಿಂದ ಹಾಲಿನವರೆಲ್ಲರನ್ನೂ ನೋಡುತ್ತಿದ್ದಳು.

“ಅರೆ! ನಂಗೆ ರಕ್ತ ತೆಗೆಯೋ ಮೇಡಂ ಇವರು!” ಎಂದರು ಹೆಡ್‌ಮಾಸ್ಟರು.

ಆಮೇಲೆ ಸಿನಿಮಾ ಒಂದು ಕ್ಷಣ ನಿಂತು, ಎರಡನೆಯ ಕೈ ರಂಗಪ್ರವೇಶ ಮಾಡಿತು. ಮೇಡಂ ಅವರ ಮುಂದಲೆ ಬೋಳಾಯಿತು. ಮೂಗಿನ ಕೆಳಗೆ ಮೀಸೆ ಬಂತು, ಹೋಯಿತು. ಗಲ್ಲದ ಮೇಲೆ ಬಂತು, ಹೋಯಿತು. ಒಂದು ಸಲ ಹಣೆಯ ಮೇಲೂ ಬಂದು ಹೋಯಿತು. ಆಮೇಲೆ ಮೂಗು! ಬದನೆಕಾಯಿ ಮೂಗು, ಬಲ್ಬಿನ ಮೂಗು, ಗಿಣಿ ಮೂಗು. ಬಂತು, ಹೋಯಿತು, ಬಂತು, ಹೋಯಿತು. ಮಕ್ಕಳು ಒಕ್ಕೊರಲಿನಿಂದ ಎಣಿಸತೊಡಗಿದರು. “ಮೂವತ್ತೊಂದು! ಮೂವತ್ತೆರಡು!” ನಲವತ್ತಾರನೆಯ ಮೂಗೂ ಮಾಯವಾದಾಗ ಅಲ್ಲಿ ಉಳಿದದ್ದು ಮೇಡಂ ಅವರ ಮೊದಲಿನ ಮೂಗು. ಅದೇ ಕೊನೆಯವರೆಗೂ ಉಳಿಯಿತು. ಸಿನಿಮಾ ಮುಗಿದ ಮೇಲೆ ಆ ಹಾಳು ಆ್ಯಪ್ ಲೆಕ್ಕವನ್ನೂ ಒಪ್ಪಿಸಿತು: ‘ಹಿಂತೆಗೆದ ಗೆರೆಗಳು: ಒಂದು ಸಾವಿರದ ಒಂಬೈನೂರ ಹದಿನಾಲ್ಕು.’

ಹಾಲಿನಲ್ಲಿ ನಗು ಹೊಟ್ಟೆ ಹಿಡಿದುಕೊಂಡು ಉರುಳಾಡಿತು. ಅದು ಸ್ವಲ್ಪ ಇಳಿದಾಗ ಮುಂದಿನ ಸಾಲಿನ ಎರಡು ಜಡೆಯ ಹುಡುಗಿ ಎದ್ದು ನಿಂತು ವಿನಯದಿಂದ ಕೇಳಿದಳು. “ಸಾರ್, ನನ್ನ ಕಾರ್ ರಬ್ಬರ್ ವಾಪಸ್ ಕೊಡ್ತೀರಾ?”

ಮುಂದಿನದನ್ನು ಮೇಷ್ಟ್ರು ದಿನಪತ್ರಿಕೆಗಳ ಸ್ಟ್ಯಾಂಡಿನ ಮರೆಯಿಂದ ನೋಡಿದರು. ಸಭೆಯವರು ಅವರ ಹೆಂಡತಿಯನ್ನು ವೇದಿಕೆಗೆ ಕರೆದರು. ಮೊದಲಿನ ನೂರೈವತ್ತು ಗೆರೆಗಳನ್ನು ಇನ್ನೊಮ್ಮೆ ಹಾಕಿಸಿದರು. ಮಕ್ಕಳು ಆಕೆಯನ್ನು ಸುತ್ತಿಕೊಂಡರು. ಸಿಟ್ಟು ಬರಲೆಂದು ಮೇಷ್ಟ್ರು ಕಾದರು, ಬರಲಿಲ್ಲ. ಬಂದದ್ದು ನಾಚಿಕೆ. ಅದೂ ನಗೆಪಾಟಲಾದದ್ದಕ್ಕಲ್ಲ. ಆ ಗೆರೆಗಳು ಎಷ್ಟು ಚೆನ್ನಾಗಿವೆಯೆಂದು ಇಡೀ ಹಾಲಿನಲ್ಲಿ ಎಲ್ಲರಿಗಿಂತ ಮೊದಲು ತಿಳಿದವರು ತಾವು, ಆದರೂ ಆಕೆಗೆ ಒಂದು ಮಾತು ಹೇಳಿರಲಿಲ್ಲ.

ಮನೆಯ ದಾರಿಯಲ್ಲಿ ಬೀದಿದೀಪದ ಕೆಳಗೆ ಅವರು ನಿಂತುಬಿಟ್ಟರು.

“ನಿಂಗೆ ಮೊದಲೇ ಗೊತ್ತಿತ್ತಾ?”

“ನನ್ನ ಕಿವಿ ನಂಗೆ ಗೊತ್ತಾಗಲ್ವೇನ್ರೀ? ಯೋಚನೆ ಮಾಡಿ ಅಂತ ಹೇಳಿದ್ದೆ ತಾನೆ.”

“ಹೊಟ್ಟೆಕಿಚ್ಚಾಗಿತ್ತು ಕಣೇ. ಸಣ್ಣಪುಟ್ಟದ್ದಲ್ಲ, ನಿದ್ದೆ ಬರದಷ್ಟು. ನಿನ್ನ ಚಿತ್ರ... ಬಹಳ ಚೆನ್ನಾಗಿದೆ. ಮೊದಲನೇದೇ ಚೆನ್ನಾಗಿತ್ತು.”

ಹೆಂಡತಿ ಅವರ ತೋಳು ಹಿಡಿದುಕೊಂಡು ನಡೆದಳು. ಮನೆಗೆ ಬಂದವಳೇ ಊಟದ ಮೇಜಿನ ಕುರ್ಚಿಯನ್ನು ಎಳೆದಳು.

“ಕೂತ್ಕೊಳ್ಳಿ. ನಿಮ್ಮ ಮುಖ ನಾನು ಬರೀತೀನಿ. ಅಲ್ಲಾಡಬೇಡಿ.”

ಮೇಷ್ಟ್ರ ಕಣ್ಣು ತೇವವಾಯಿತು. ಎಂಥ ಹೆಂಡತಿ! ಎಂಥ ಕ್ಷಮೆ! ಬೆನ್ನು ನೆಟ್ಟಗೆ ಮಾಡಿ, ಕನ್ನಡಕ ಒರೆಸಿ, ಕೆನ್ನೆಯ ತುಂಬ ಉದಾರವಾದ ಮುಗುಳ್ನಗೆ ತಂದುಕೊಂಡು ಹತ್ತು ನಿಮಿಷ ಉಸಿರು ಬಿಗಿಹಿಡಿದು ಕೂತರು. ಆಕೆ ಒಂದು ಗೆರೆಯನ್ನೂ ಅಳಿಸದೆ ಮುಗಿಸಿ ಟ್ಯಾಬನ್ನು ಅವರ ಕಡೆ ತಿರುಗಿಸಿದಳು.

ಓರೆಗಣ್ಣು. ಬಿಗಿದ ದವಡೆ. ಒಂದು ಕಡೆಗೆ ಸೊಟ್ಟಗಾದ ತುಟಿ. ಯಾರಿಗೋ ಬಿದ್ದ ಚಪ್ಪಾಳೆಯನ್ನು ಕೇಳಲಾರದೆ ಕೇಳುತ್ತಿರುವ ಮನುಷ್ಯ! ಪಕ್ಕದಲ್ಲಿ ಹಾದುಹೋಗುತ್ತಿದ್ದ ಅಮ್ಮ ಬಗ್ಗಿ ನೋಡಿ, “ಅಯ್ಯೋ, ನಮ್ಮ ಹುಡುಗನೇ! ಕಣ್ಣಿಗೆ ಕಟ್ಟಿದ ಹಾಗಿದೆ!” ಎಂದು ಒಳಗೆ ಹೋದರು.

“ಅನ್ಯಾಯ!” ಎಂದರು ಮೇಷ್ಟ್ರು. “ನಾನು ಇಷ್ಟು ಹೊತ್ತು ಎಷ್ಟು ಚೆನ್ನಾಗಿ ನಗ್ತಾ ಕೂತಿದ್ದೆ!”

“ಕೂತಿದ್ರಿ. ಆದ್ರೆ ಆ ಮುಖ ನಂಗೆ ಇನ್ನೂ ಅಷ್ಟು ಪರಿಚಯ ಇಲ್ಲ ರೀ,” ಎಂದಳು ಹೆಂಡತಿ. “ಒಂದು ತಿಂಗಳಿಂದ ದಿನಾ ಊಟಕ್ಕೆ ನನ್ನೆದುರು ಕೂತ್ಕೊಳ್ತಾ ಇದ್ದದ್ದು ಇದು.”